ಗೀಸರ್ ಎಷ್ಟು ಲೀಟರಿನದು ಬೇಕು? ಬಕೆಟ್ ಎಣಿಸಿ ನೋಡಿ

ಗೀಸರ್ ಕೊಳ್ಳಲು ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, "ಮನೇಲಿ ಎಷ್ಟು ಜನ ಸಾರ್?" ನಾಲ್ಕು ಜನ ಅಂದರೆ ಸಾಕು, 25 ಲೀಟರಿನದು ಮುಂದೆ ಬಂದು ಕೂರುತ್ತದೆ. ನಮ್ಮ ಮನೆಗೂ ಹಾಗೇ ಬಂದಿತ್ತು. ಅದರಲ್ಲಿ ಅರ್ಧ ನೀರು ದಿನಾ ಸುಮ್ನೆ ಕಾದು ಸುಮ್ನೆ ಆರುತ್ತಿತ್ತು.

ಎಣಿಸಬೇಕಾದ್ದು ತಲೆಗಳನ್ನಲ್ಲ. ಬೆಳಗಿನ ಗಡಿಬಿಡಿಯ ಒಂದು ಗಂಟೆಯಲ್ಲಿ ಎಷ್ಟು ಬಕೆಟ್ ಬಿಸಿನೀರು ಖರ್ಚಾಗುತ್ತದೆ ಅನ್ನುವುದನ್ನು. ರಾತ್ರಿ ಸ್ನಾನ ಮಾಡುವವರು, ಎಲ್ಲರೂ ಹೊರಟ ಮೇಲೆ ನಿಧಾನಕ್ಕೆ ಬಚ್ಚಲಿಗೆ ಹೋಗುವ ಅಜ್ಜಿ ಈ ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ನಿಮ್ಮ ಬಕೆಟ್ ಅಳೆಯಿರಿ. ಒಂದು ಲೀಟರಿನ ನೀರಿನ ಬಾಟಲಿ ಸಾಕು. 20 ಲೀಟರಿನದು ಅಂತ ತಂದ ಬಕೆಟ್ಟನ್ನು ನಾವ್ಯಾರೂ ಕಂಠಮಟ್ಟ ತುಂಬಿಸುವುದಿಲ್ಲ. ನಮ್ಮ ಮನೆಯಲ್ಲಿ ಸ್ನಾನಕ್ಕೆ ಹಿಡಿಯುವುದು 18 ಲೀಟರ್. ತಲೆಸ್ನಾನದ ದಿನ ಒಬ್ಬರಿಗೆ ಎರಡು ಬಕೆಟ್ ಅಂತ ಹಿಡಿಯಿರಿ.

ಆಮೇಲೆ ಬೆರಕೆಯ ಲೆಕ್ಕ. ಗೀಸರ್ ನೀರು ಸುಮಾರು 60 ಡಿಗ್ರಿ, ಮೈಗೆ ಹಿತವಾಗುವುದು 40. ಬೆಂಗಳೂರಿನ ಚಳಿಗಾಲದಲ್ಲಿ ಟ್ಯಾಂಕಿನ ನೀರು 20 ಡಿಗ್ರಿ ಅಂತಿಟ್ಟುಕೊಂಡರೆ ಬಿಸಿ ಅರ್ಧ, ತಣ್ಣೀರು ಅರ್ಧ. ಅಂದರೆ ಬಕೆಟ್ಟಿಗೆ 9 ಲೀಟರ್ ಬಿಸಿನೀರು. ಮಂಗಳೂರಿನಲ್ಲಿ ನಲ್ಲಿ ನೀರೇ 27 ಡಿಗ್ರಿ ಇದ್ದರೆ 7 ಲೀಟರ್ ಸಾಕು. ಮಡಿಕೇರಿಯಲ್ಲಿ 15ಕ್ಕೆ ಇಳಿದರೆ 10 ಬೇಕು. ಕರೆಂಟ್ ಉಳಿಸಲು ಗೀಸರಿನ ಶಾಖ 50 ಡಿಗ್ರಿಗೆ ಇಳಿಸಿದ್ದೀರಾ? ಆಗ ಬೆಂಗಳೂರಿನಲ್ಲೂ ಬಕೆಟ್ಟಿಗೆ 12 ಲೀಟರ್ ಹೋಗುತ್ತದೆ.

ಇನ್ನೊಂದು ವಿಷಯ. 25 ಲೀಟರಿನ ಗೀಸರಿನಲ್ಲಿ 25 ಲೀಟರೂ ಬಿಸಿಯಾಗಿ ಸಿಗುವುದಿಲ್ಲ. ನೀವು ನಲ್ಲಿ ತಿರುಗಿಸಿದ ಕೂಡಲೇ ಕೆಳಗಿನಿಂದ ತಣ್ಣೀರು ನುಗ್ಗಿ ಬೆರೆಯುತ್ತದೆ. ಅದಕ್ಕೇ ಮುಕ್ಕಾಲು ಪಾಲು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ: 25ರದ್ದಕ್ಕೆ 19, 15ರದ್ದಕ್ಕೆ 11.

ಈಗ ಅಂಗಡಿಯವರು ಹೇಳದ ಮಾತು. ಒಬ್ಬರು ಮೈ ತೊಳೆಯುತ್ತಿರುವಾಗ ಗೀಸರ್ ಸುಮ್ಮನೆ ಕೂತಿರುವುದಿಲ್ಲ, ಮುಂದಿನವರಿಗೆ ಕಾಯಿಸುತ್ತಿರುತ್ತದೆ. 2 ಕಿಲೋವ್ಯಾಟ್ ಕಾಯಿಲ್ 20 ಡಿಗ್ರಿಯ ನೀರನ್ನು 60ಕ್ಕೆ ಏರಿಸುವಾಗ ಹತ್ತು ನಿಮಿಷಕ್ಕೆ 7 ಲೀಟರ್ ಕಾಯಿಸುತ್ತದೆ. ಇದೊಂದನ್ನು ನೆನಪಿಟ್ಟುಕೊಳ್ಳಿ. 15 ಲೀಟರಿನ ಗೀಸರಿನಲ್ಲಿ ಸಿಗುವ 11ರಲ್ಲಿ ಮೊದಲ ಬಕೆಟ್ಟಿಗೆ 9 ಲೀಟರ್ ಹೋಯಿತು, 2 ಉಳಿಯಿತು. ಮುಂದಿನವರು ಕಾಲು ಗಂಟೆ ಬಿಟ್ಟು ಬಂದರೆ ಅಷ್ಟರಲ್ಲಿ ಮತ್ತೆ ಗೀಸರ್ ತುಂಬ ಬಿಸಿನೀರು. ಹೀಗೆ ಗಂಟೆಗೆ ನಾಲ್ಕು ಜನ ಆರಾಮಾಗಿ ಸ್ನಾನ ಮುಗಿಸಬಹುದು! ಆದರೆ ಹತ್ತೇ ನಿಮಿಷಕ್ಕೊಬ್ಬರು ನುಗ್ಗಿದರೆ ಮೂರನೆಯವರಿಗೆ ಬರೀ ಉಗುರುಬೆಚ್ಚಗಿನ ನೀರು. ಅಂಥ ಮನೆಗೆ 25 ಲೀಟರೇ ಸರಿ. ನಮ್ಮಲ್ಲಿ ಮಗಳು ಬಾತ್‌ರೂಮಿನಿಂದ ಹೊರಬರಲು ಹೇಗೂ ಇಪ್ಪತ್ತು ನಿಮಿಷ ಬೇಕು. ಹಾಗಾಗಿ ಹಳೆಯದು ಕೆಟ್ಟಾಗ 15ರದ್ದನ್ನೇ ತಂದೆವು.

ಷವರ್ ಬಂತೆಂದರೆ ಈ ಲೆಕ್ಕವೆಲ್ಲ ತಲೆಕೆಳಗು. ಷವರ್ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷಕ್ಕೆ ಎಷ್ಟು ತುಂಬುತ್ತದೆ ನೋಡಿ. 8 ಲೀಟರ್ ಬಂದರೆ ಆರು ನಿಮಿಷದ ಸ್ನಾನಕ್ಕೆ 48 ಲೀಟರ್, ಅದರಲ್ಲಿ ಬಿಸಿ 24. ಒಬ್ಬರಿಗೇ 25ರ ಗೀಸರ್ ಸಾಲದು, 35ರದ್ದು ಬೇಕು. ಇಲ್ಲವೇ ಕಡಿಮೆ ನೀರು ಬಿಡುವ ಷವರ್ ಹಾಕಿಸಿ. ದೊಡ್ಡ ಗೀಸರಿಗಿಂತ ಅದೇ ಅಗ್ಗ, ಅಲ್ವಾ?

3 ಲೀಟರಿನ ಇನ್‌ಸ್ಟಂಟ್ ಗೀಸರ್ ಅಡುಗೆಮನೆಯ ಸಿಂಕಿಗೆ ಚೆನ್ನ. ಸ್ನಾನಕ್ಕಾದರೆ ತಾಳ್ಮೆ ಬೇಕು. 3 ಕಿಲೋವ್ಯಾಟಿನದು ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ ಹದವಾದ ನೀರು ಕೊಡುತ್ತದೆ. ಬಕೆಟ್ ತುಂಬಲು ಎಂಟು ನಿಮಿಷ.

ದೀಪಾವಳಿಗೆ ನೆಂಟರು ಬರುತ್ತಾರೆ, ಎಂಟು ಜನ ಬೆಳಗಾಗುವ ಮೊದಲೇ ಎಣ್ಣೆಸ್ನಾನ ಮಾಡಬೇಕು ಅಂತ ದೊಡ್ಡ ಗೀಸರ್ ತರುವವರಿದ್ದಾರೆ. ಬೇಡ. ಅವತ್ತೊಂದು ದಿನ ಹಂಡೆ ಹಚ್ಚಿ, ಜಾಗವಿಲ್ಲದಿದ್ದರೆ ಗ್ಯಾಸ್ ಮೇಲೆ ದೊಡ್ಡ ಪಾತ್ರೆ ಇಡಿ.

ಲೀಟರ್ ಗೊತ್ತಾದ ಮೇಲೆ ದುಡ್ಡು ಕೊಡುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ. ಎತ್ತರದ ಅಪಾರ್ಟ್‌ಮೆಂಟ್ ಅಥವಾ ಪ್ರೆಷರ್ ಪಂಪ್ ಇರುವ ಮನೆಯಾದರೆ 8 ಬಾರ್ (ನೀರಿನ ಒತ್ತಡದ ಅಳತೆ) ತಡೆಯುವ ಗೀಸರ್ ಕೇಳಿ. ಇನ್ನು ಪ್ಲಗ್. 2 ಕಿಲೋವ್ಯಾಟ್ ಗೀಸರ್ 9 ಆಂಪಿಯರ್ ಹತ್ತಿರ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಮೊಬೈಲ್ ಚಾರ್ಜ್ ಮಾಡುವ ಚಿಕ್ಕ 6 ಆಂಪಿಯರ್ ಸಾಕೆಟ್ಟಿಗೆ ಎರಡನ್ನೂ ಸಿಕ್ಕಿಸಬಾರದು. 16 ಆಂಪಿಯರಿನ ದಪ್ಪ ಪಿನ್ನಿನ ಸಾಕೆಟ್, ಅದಕ್ಕೆ ತಕ್ಕ ವೈರ್, ಸರಿಯಾದ ಅರ್ತಿಂಗ್ ಇವೆಯೇ ಅಂತ ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿಕೊಂಡೇ ಅಂಗಡಿಗೆ ಹೋಗಿ.