ಸೇವ್ ಮಾಡುವಾಗ ಫೋಲ್ಡರ್ ಹುಡುಕುವುದನ್ನು ನಾನು ಬಿಟ್ಟದ್ದು ಹೀಗೆ

ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘಗಳ ವಾರ್ಷಿಕ ವರದಿ, ದಿನವೂ ಇದೇ ಕೆಲಸ. ಎರಡು ವರ್ಷದ ಹಿಂದೆ ಮದುವೆ ಸೀಸನ್ನಿನ ಗಡಿಬಿಡಿಯಲ್ಲಿ ಒಂದು ತಪ್ಪಾಯಿತು. ಹುಡುಗಿಯ ತಂದೆ ಬಂದು ಮುಹೂರ್ತದ ಸಮಯ ತಿದ್ದಿಸಿಕೊಂಡು ಹೋದರು. ತಿದ್ದಿದೆ, ಪಿಡಿಎಫ್ ಮಾಡಿದೆ. ಆದರೆ ಸೇವ್ ಮಾಡುವ ಕಿಟಕಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತೆರೆದುಕೊಂಡಿತ್ತು. ನಾನು ನೋಡದೆ ಎಂಟರ್ ಒತ್ತಿದೆ. ಗಿರಾಕಿಯ ಫೋಲ್ಡರಿನಲ್ಲಿ ಹಳೆಯ ಪಿಡಿಎಫ್ ಹಾಗೇ ಉಳಿಯಿತು, ಪ್ರೆಸ್ಸಿಗೆ ಹೋದದ್ದೂ ಅದೇ. 300 ಪತ್ರಿಕೆಗಳನ್ನು ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿ ಕೊಟ್ಟೆ. ಆ ಹಿರಿಯರು ಒಂದು ಮಾತೂ ಗಟ್ಟಿಯಾಗಿ ಆಡಲಿಲ್ಲ. ನನಗೆ ಚುಚ್ಚಿದ್ದು ಅದೇ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಡಿ ಡ್ರೈವ್, ಅದರೊಳಗೆ ಕೆಲಸ, ಅದರೊಳಗೆ ವರ್ಷ, ಆಮೇಲೆ ಮದುವೆ, ಆಮೇಲೆ ಗಿರಾಕಿಯ ಹೆಸರು. ಒಂದು ಪತ್ರಿಕೆಗೆ ಫೋಟೋ ತರಬೇಕು, ವಿನ್ಯಾಸ ಮಾಡುವ ಕೋರೆಲ್ ಡ್ರಾ ತಂತ್ರಾಂಶದ ಫೈಲ್ ಉಳಿಸಬೇಕು, ಪಿಡಿಎಫ್ ಮಾಡಬೇಕು, ವಾಟ್ಸಾಪ್ ವೆಬ್‌ನಲ್ಲಿ ಪ್ರೂಫ್ ಕಳಿಸಬೇಕು. ಪ್ರತಿ ಸಲವೂ ಅದೇ ಐದು ಮೆಟ್ಟಿಲು. ಕೈ ದಣಿದಾಗ ಕಣ್ಣು ತಪ್ಪುತ್ತದೆ, ಅಲ್ವಾ?

ವಿಂಡೋಸಿನ ಫೋಲ್ಡರ್ ಕಿಟಕಿಗಳ ಎಡಗಡೆ ಇರುವ ಕ್ವಿಕ್ ಆಕ್ಸೆಸ್ ಪಟ್ಟಿಗೆ ಫೋಲ್ಡರುಗಳನ್ನು ಪಿನ್ ಮಾಡಿ, ಅಂದರೆ ಕಾಯಂ ಆಗಿ ಸೇರಿಸಿ ನೋಡಿದೆ. ಹೊಸ ತಂತ್ರಾಂಶಗಳಲ್ಲಿ ಅದು ಸಾಕು. ಆದರೆ ನಾನು ಇನ್ನೂ ಬಳಸುವ ಹಳೆಯ ಪುಟವಿನ್ಯಾಸದ ತಂತ್ರಾಂಶದಲ್ಲಿ ಹಳೇ ಕಾಲದ ಕಿಟಕಿಯೇ ತೆರೆಯುತ್ತದೆ. ಅದರ ಎಡಪಟ್ಟಿಯಲ್ಲಿ ಇರುವುದು ಐದೇ ಚಿತ್ರ, ನನ್ನ ಪಿನ್‌ಗಳು ಅಲ್ಲಿ ಕಾಣುವುದೇ ಇಲ್ಲ.

ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕ್ವಿಕ್ ಆಕ್ಸೆಸ್ ಪಾಪಪ್. ಆಟೋಹಾಟ್‌ಕೀ ಎಂಬ ಭಾಷೆಯಲ್ಲಿ ಬರೆದ ಪುಟ್ಟ ಉಪಕರಣ. ಮೌಸಿನ ಚಕ್ರವನ್ನು ಒತ್ತಿದರೆ ಮೆನು ಬರುತ್ತದೆ, ಅದರಲ್ಲಿ ಫೋಲ್ಡರ್ ಆರಿಸಿದರೆ ತೆರೆದಿರುವ ಸೇವ್ ಕಿಟಕಿ ಅಲ್ಲಿಗೆ ಜಿಗಿಯುತ್ತದೆ. ಒಳಗೆ ನಡೆಯುವುದು ಸರಳ. ಫೈಲ್ ಹೆಸರಿನ ಜಾಗದಲ್ಲಿ ಅದು ಫೋಲ್ಡರಿನ ಪೂರ್ತಿ ದಾರಿ ಬರೆದು ಎಂಟರ್ ಒತ್ತುತ್ತದೆ, ಆಮೇಲೆ ನಿಮ್ಮ ಫೈಲ್ ಹೆಸರನ್ನು ವಾಪಸ್ ಇಡುತ್ತದೆ. ಇದು ಗೊತ್ತಿದ್ದರೆ ಮುಂದಿನ ಸಮಸ್ಯೆಗಳೆಲ್ಲ ಅರ್ಥವಾಗುತ್ತವೆ. ಹೆಸರು ಬರೆಯುವ ಜಾಗವೇ ಇಲ್ಲದ, ಬರೀ ಮರದಂತೆ ಫೋಲ್ಡರ್ ತೋರಿಸುವ ಕಿಟಕಿಯಲ್ಲಿ ಇದು ನಡೆಯುವುದಿಲ್ಲ. ಹಾಗೇ, ಸೇವ್, ಓಪನ್‌ನಂಥ ಡೈಲಾಗ್ ಕಿಟಕಿಯಲ್ಲಿ ಫೋಲ್ಡರ್ ಬದಲಿಸಲು ಉಪಕರಣದ ಆಯ್ಕೆಗಳಲ್ಲಿ ನಾವೇ ಟಿಕ್ ಹಾಕಿ ಒಪ್ಪಿಗೆ ಕೊಡಬೇಕು. ಸೇವ್ ಕಿಟಕಿಯಂತೆಯೇ ಕಾಣುವ ಬೇರೆ ಯಾವುದೋ ಜಾಗದಲ್ಲಿ ಅಕ್ಷರ ಬಿದ್ದುಬಿಡಬಹುದು ಅಂತ ಈ ಎಚ್ಚರಿಕೆ.

ಮೊದಲ ದಿನ ಉತ್ಸಾಹದಲ್ಲಿ ಅರವತ್ತು ಫೋಲ್ಡರ್ ತುಂಬಿದೆ. ಮೆನು ಪರದೆಯ ಮೇಲಿಂದ ಕೆಳಗಿನವರೆಗೆ ಬಂತು. ಹುಡುಕುವುದು ತಪ್ಪಲಿಲ್ಲ, ಜಾಗ ಮಾತ್ರ ಬದಲಾಯಿತು. ಎರಡನೇ ವಾರ ಎಲ್ಲ ಅಳಿಸಿ ಒಂಬತ್ತೇ ಇಟ್ಟೆ. ಮದುವೆ, ಗೃಹಪ್ರವೇಶ, ವರದಿಗಳು, ದೇವರ ಚಿತ್ರಗಳು, ಬಾರ್ಡರುಗಳು, ಪ್ರೆಸ್ಸಿಗೆ, ಹೀಗೆ. ಗಿರಾಕಿಗಳ ಹೆಸರು ವಾರಕ್ಕೊಮ್ಮೆ ಬದಲಾಗುತ್ತದಲ್ಲ, ಅದಕ್ಕೆ ಲೈವ್ ಫೋಲ್ಡರ್ ಅನ್ನುವ ಸೌಲಭ್ಯ ಬಳಸಿದೆ. ಮದುವೆ ಫೋಲ್ಡರನ್ನು ಹಾಗೆ ಗುರುತಿಸಿದರೆ ಸಾಕು, ಅದರೊಳಗಿನ ಫೋಲ್ಡರುಗಳು ತಾವಾಗಿಯೇ ಒಳಮೆನುವಿನಲ್ಲಿ ಬರುತ್ತವೆ. ನನ್ನ ಮಟ್ಟಿಗೆ ಇಡೀ ಉಪಕರಣದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಕೆಲಸ ಮುಗಿದ ಗಿರಾಕಿಯ ಫೋಲ್ಡರನ್ನು ಅವತ್ತೇ "ಮುಗಿದವು" ಎಂಬ ಜಾಗಕ್ಕೆ ಸಾಗಿಸುತ್ತೇನೆ, ಇಲ್ಲದಿದ್ದರೆ ಒಳಮೆನುವೂ ಬೆಳೆಯುತ್ತದೆ.

ಹೆಸರಿನ ವಿಷಯದಲ್ಲಿ ಒಂದು ಮಾತು. ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಯೂನಿಕೋಡ್ ಎಂಬ ಸಂಕೇತ ಪದ್ಧತಿ ತಿಳಿಯದ ಹಳೆಯ ತಂತ್ರಾಂಶಗಳಿಗೆ ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್ ಸಿಕ್ಕರೆ ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಹಾಗಾಗಿ ಡಿಸ್ಕಿನಲ್ಲಿ ಫೋಲ್ಡರ್ ಹೆಸರು ಇಂಗ್ಲಿಷಿನಲ್ಲೇ ಇದೆ. ಆದರೆ ಮೆನುವಿನಲ್ಲಿ ಬೇರೆ ಹೆಸರು ಕೊಡಬಹುದು. ಅಲ್ಲಿ ಕನ್ನಡದಲ್ಲೇ ಬರೆದೆ. ನಮ್ಮ ಅಂಗಡಿಗೆ ಹೊಸದಾಗಿ ಬಂದ ಹುಡುಗಿಗೆ ಇದರಿಂದ ತುಂಬಾ ಅನುಕೂಲವಾಯಿತು. ಕನ್ನಡ ಬರೆಯಲು ನುಡಿ ತಂತ್ರಾಂಶ ಬಳಸುವವರು ಯೂನಿಕೋಡ್ ಆಯ್ಕೆ ಇಟ್ಟುಕೊಂಡೇ ಬರೆಯಿರಿ, ಹಳೇ ಫಾಂಟಿನ ವಿಧಾನದಲ್ಲಿ ಬರೆದರೆ ಮೆನುವಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಹೆಸರಿನ ಮುಂದೆ 1, 2, 3 ಅಂತ ಅಂಕಿ ಹಾಕಿದ್ದೇನೆ. ಮೆನು ಬಂದ ಮೇಲೆ ಆ ಅಂಕಿ ಒತ್ತಿದರೆ ಆಯಿತು, ಮೌಸ್ ಸರಿಸಬೇಕಿಲ್ಲ.

ಒಂದು ತೊಡಕು ಕೋರೆಲ್ ಡ್ರಾದಲ್ಲಿ ಬಂತು. ಅಲ್ಲಿ ಚಕ್ರ ಒತ್ತಿ ಹಿಡಿದು ಪುಟವನ್ನು ಎಳೆದಾಡುವುದು ನನ್ನ ಅಭ್ಯಾಸ, ಪ್ರತಿ ಸಲ ಮೆನು ಅಡ್ಡ ಬರತೊಡಗಿತು. ಆಯ್ಕೆಗಳಲ್ಲಿ ಮೌಸಿಗೆ ಸ್ಪಂದಿಸಬಾರದ ಕಿಟಕಿಗಳ ಪಟ್ಟಿ ಇದೆ. ಕೋರೆಲ್‌ನ ಮುಖ್ಯ ಕಿಟಕಿಯ ಶೀರ್ಷಿಕೆಯನ್ನು ಅದಕ್ಕೆ ಸೇರಿಸಿದೆ. ಸೇವ್ ಕಿಟಕಿಯ ಶೀರ್ಷಿಕೆ ಬೇರೆ, ಹಾಗಾಗಿ ಅಲ್ಲಿ ಮೆನು ಎಂದಿನಂತೆ ಬರುತ್ತದೆ.

ಇನ್ನೊಂದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡೆ. ಆ ಹಳೆಯ ಪುಟವಿನ್ಯಾಸದ ತಂತ್ರಾಂಶದಲ್ಲಿ ಮಾತ್ರ ಏನೂ ಆಗುತ್ತಿರಲಿಲ್ಲ. ಕಾರಣ ಇಷ್ಟೇ. ಅದನ್ನು ನಾನು ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಹೆಚ್ಚಿನ ಅಧಿಕಾರ ಕೊಟ್ಟು ತೆರೆಯುತ್ತೇನೆ. ಹಾಗೆ ತೆರೆದ ಕಿಟಕಿಯೊಳಗೆ ಸಾಮಾನ್ಯವಾಗಿ ತೆರೆದ ಉಪಕರಣ ಕೈ ಹಾಕಲು ವಿಂಡೋಸ್ ಬಿಡುವುದಿಲ್ಲ. ಪಾಪಪ್ಪನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದೆ, ಸರಿಹೋಯಿತು.

ಬ್ಯಾಕಪ್ ಡಿಸ್ಕಿನದೂ ಒಂದು ಕಥೆ. ಒಂದು ದಿನ ಇ, ಇನ್ನೊಂದು ದಿನ ಎಫ್ ಅಂತ ಅಕ್ಷರ ಬದಲಾಗಿ ಮೆನುವಿನ ದಾರಿ ತಪ್ಪುತ್ತಿತ್ತು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದಕ್ಕೆ ಝಡ್ ಎಂದು ಕಾಯಂ ಅಕ್ಷರ ಕೊಟ್ಟೆ.

ಗಿರಾಕಿಯ ಮನೆಗೋ ಪ್ರೆಸ್ಸಿಗೋ ಹೋದಾಗ ಅವರ ಕಂಪ್ಯೂಟರಿನಲ್ಲಿ ಇದ್ಯಾವುದೂ ಇರುವುದಿಲ್ಲ. ಅಲ್ಲಿ ಸುಮ್ನೆ ಶಿಫ್ಟ್ ಹಿಡಿದು ಫೋಲ್ಡರಿನ ಮೇಲೆ ಬಲಗಡೆ ಕ್ಲಿಕ್ ಮಾಡಿ, ಕಾಪಿ ಆ್ಯಸ್ ಪಾತ್ ಒತ್ತುತ್ತೇನೆ. ಸೇವ್ ಕಿಟಕಿಯ ಫೈಲ್ ಹೆಸರಿನ ಜಾಗದಲ್ಲಿ ಅಂಟಿಸಿ ಎಂಟರ್. ಅಷ್ಟಾದ ಮೇಲೆ ಫೈಲಿಗೆ ಹೆಸರು ಕೊಡುತ್ತೇನೆ, ಸೇವ್ ಒತ್ತುವ ಮೊದಲು ಮೇಲಿನ ಪಟ್ಟಿಯಲ್ಲಿ ಗಿರಾಕಿಯ ಹೆಸರನ್ನು ಒಮ್ಮೆ ಓದುತ್ತೇನೆ.