26 ಅಡಿ ಸಾಕೇ, 31 ಬೇಕೇ: ನಮ್ಮ ಹಾಯಿದೋಣಿಯ ಲೆಕ್ಕ

ವಿರಾಜಪೇಟೆ ಹತ್ತಿರದ ನಮ್ಮ ಕಾಫಿ ತೋಟದಿಂದ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿ, ತಲಶ್ಶೇರಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಎರ್ನಾಕುಲಂ. ಅಲ್ಲಿ ಬೋಲ್ಗಾಟಿ ದ್ವೀಪದ ಮರೀನಾದಲ್ಲಿ ನಮ್ಮ 26 ಅಡಿಯ ಹಾಯಿದೋಣಿ ಇದೆ. ನಮ್ಮವರು ನೌಕಾಪಡೆಯಿಂದ ನಿವೃತ್ತರಾಗಿ ಊರಿಗೆ ಬಂದ ಮೇಲೆ ಕೊಂಡದ್ದು. ನಾನು ಹಾಯಿ ನಡೆಸಲು ಕಲಿತದ್ದು ಐವತ್ತು ದಾಟಿದ ಮೇಲೆ, ಅದರಲ್ಲೇ.

ಎರಡು ವರ್ಷದ ಹಿಂದೆ ಅದೇ ಮರೀನಾದಲ್ಲಿ 31 ಅಡಿಯದೊಂದು ಮಾರಾಟಕ್ಕೆ ಬಂತು. ಒಳಗೆ ಇವರು ತಲೆ ಬಗ್ಗಿಸದೆ ನೆಟ್ಟಗೆ ನಿಂತರು. ನಮ್ಮದರಲ್ಲಿ ಎತ್ತರ ಐದೂಕಾಲು ಅಡಿ. ನಾಲ್ಕು ದಿನ ಕಳೆದರೆ ಇವರ ಬೆನ್ನು ಹಿಡಿದುಕೊಳ್ಳುತ್ತದೆ. "ಐದೇ ಅಡಿ ಹೆಚ್ಚು ಕಣೇ. ಇದರಲ್ಲಿ ಕವರತ್ತಿಗೇ ಹೋಗಿಬರಬಹುದು" ಎಂದರು. ಲಕ್ಷದ್ವೀಪದ ಕವರತ್ತಿಯ ಆಸೆ ನನಗೂ ಇತ್ತು. ಆದ್ದರಿಂದಲೇ ತಕ್ಷಣ ಹೂಂ ಅನ್ನಲಿಲ್ಲ.

ತೋಟದ ಲೆಕ್ಕ ಬರೆಯುವವಳು ನಾನು. ಮನೆಗೆ ಬಂದು ಪುಸ್ತಕ ತೆರೆದೆ. "ಐದೇ ಅಡಿ" ಎನ್ನುವ ಮಾತು ಎಷ್ಟು ಮೋಸದ್ದೆಂದು ಆಗ ತಿಳಿಯಿತು. ಅದೇ ಆಕಾರದ ದೋಣಿ 26ರಿಂದ 31 ಅಡಿಗೆ ಬೆಳೆದರೆ ಉದ್ದ ಹೆಚ್ಚುವುದು ಶೇಕಡ 19. ಬಣ್ಣ ಬಳಿಯುವ ತಳದ ಮೈ, ಹಾಯಿಯ ಬಟ್ಟೆ ಹೆಚ್ಚುವುದು ಶೇಕಡ 42. ಭಾರ ಹೆಚ್ಚುವುದು ಶೇಕಡ 70ರ ಹತ್ತಿರ. ವಿಂಚ್ (ಹಗ್ಗ ಸುತ್ತಿ ಎಳೆಯುವ ತಿರುಗಣೆ), ಹಗ್ಗ, ಲಂಗರು, ಎಂಜಿನ್ ಎಲ್ಲವೂ ಉದ್ದದ ಬೆನ್ನು ಹತ್ತುವುದಿಲ್ಲ, ಭಾರದ ಬೆನ್ನು ಹತ್ತುತ್ತವೆ. ನಮ್ಮ ಲಂಗರು 10 ಕಿಲೋ, ಸರಪಳಿ 6 ಮಿಲಿಮೀಟರಿನದು. ಎಂಟು ಮೀಟರ್ ಆಳದಲ್ಲಿ ನೆಲ ಬಿಟ್ಟ ಲಂಗರನ್ನು ಎಳೆಯುವಾಗ ಸರಪಳಿ ಸೇರಿ ತೂಕ 16 ಕಿಲೋ, ನೀರಿನೊಳಗೆ ಸ್ವಲ್ಪ ಕಡಿಮೆ. ದೊಡ್ಡದರಲ್ಲಿ 15 ಕಿಲೋ ಲಂಗರು, 8 ಮಿಲಿಮೀಟರ್ ಸರಪಳಿ. ಅದೇ ಆಳಕ್ಕೆ 26 ಕಿಲೋ. ಅಲುಗಾಡುವ ಮೂತಿಯ ಮೇಲೆ ನಿಂತು ಎಳೆಯಬೇಕು.

ವೇಗಕ್ಕೂ ಲೆಕ್ಕವಿದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಇಂಥ ಭಾರದ ದೋಣಿ ಮುಟ್ಟಬಹುದಾದ ವೇಗ ನಾಟ್‌ನಲ್ಲಿ ಸಿಗುತ್ತದೆ. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ನಮ್ಮದು 21 ಅಡಿಗೆ 6.1, ಅದು 25 ಅಡಿಗೆ 6.7. ಕೊಚ್ಚಿಯಿಂದ ಕವರತ್ತಿಗೆ 404 ಕಿಲೋಮೀಟರ್, ಅಂದರೆ 218 ನಾಟಿಕಲ್ ಮೈಲಿ. ಗಾಳಿ ಪೂರ್ತಿ ಒಲಿದರೂ ಉಳಿಯುವುದು ಮೂರು ಗಂಟೆ.

ಇವರು ಸುಮ್ಮನೆ ಕೇಳಿಸಿಕೊಂಡು, ಮುಂಬೈಯಲ್ಲಿ ಕಟ್ಟಿದ 'ಸುಹೈಲಿ'ಯನ್ನು ನೆನಪಿಸಿದರು. 32 ಅಡಿಯ ಆ ತೇಗದ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, ಎಲ್ಲೂ ನಿಲ್ಲದೆ, 1969ರಲ್ಲಿ 312 ದಿನಕ್ಕೆ ಭೂಮಿ ಸುತ್ತಿ ಬಂದರು. 32 ಅಡಿ ಒಬ್ಬರ ಕೈಗೆ ಸಾಧ್ಯ ಎನ್ನುವುದು ಇವರ ವಾದ. ಆ ಒಬ್ಬರು ನಾನಾದರೆ? ನಾನು ಒಂದೇ ಶರತ್ತು ಹಾಕಿದೆ: "ನೀವು ನೀರಿಗೆ ಬಿದ್ದರೆ ನಾನೊಬ್ಬಳೇ ದೋಣಿ ತಿರುಗಿಸಿ ಬಂದು ನಿಮ್ಮನ್ನು ಮೇಲೆತ್ತಬೇಕು. ಅದಾದರೆ ಕೊಳ್ಳೋಣ."

ಮಾಲೀಕರು ಒಂದು ದಿನಕ್ಕೆ ದೋಣಿ ಕೊಟ್ಟರು. ಫೋರ್ಟ್ ಕೊಚ್ಚಿಯ ಆಚೆ ಹೋಗಿ, ಫೆಂಡರಿಗೆ (ದೋಣಿಯ ಮೈ ಉಜ್ಜದಂತೆ ಬದಿಗೆ ತೂಗುಬಿಡುವ ಗಾಳಿಯುಂಡೆ) ಬಕೆಟ್ ಕಟ್ಟಿ ನೀರಿಗೆ ಎಸೆದು, ಅದನ್ನೇ ಮನುಷ್ಯ ಎಂದುಕೊಂಡೆ. ಇವರು ಕೈಕಟ್ಟಿ ಕೂತರು. ತಿರುಗಿಸಿ ತಂದೆ, ಎರಡನೇ ಸಲಕ್ಕೆ. ಹಾಯಿ ಏರಿಸುವ ಹಗ್ಗಕ್ಕೆ ಕೊಕ್ಕೆ ಹಾಕಿ ವಿಂಚ್‌ನಿಂದ ಎತ್ತಿದೆ. ಇದೆಲ್ಲ ಆಯಿತು. ಆಗದೆ ಹೋದದ್ದು ಗಾಳಿ ಏರಿದಾಗ ದೊಡ್ಡ ಹಾಯಿಯನ್ನು ಕಿರಿದು ಮಾಡುವುದು. ಅದಕ್ಕೆಂದಿರುವ ರೀಫ್ ಹಗ್ಗಗಳೆಲ್ಲ ಹಾಯಿ ಹೊರುವ ಕೂವೆಕಂಬದ ಬುಡದಲ್ಲಿದ್ದವು. ಅಲ್ಲಿಗೆ ಹೋದರೆ ಚುಕ್ಕಾಣಿ ಅನಾಥ. ನಾನು ಸೋತೆ. ಆದರೆ ಆ ದೋಣಿಯ ನಡೆ ಎಷ್ಟು ಹಿತ! ಅಡ್ಡ ಅಲೆಗೆ ನಮ್ಮದು ಕುಪ್ಪಳಿಸುತ್ತದೆ, ಅದು ಒರಗಿ ಸಾಗುತ್ತಿತ್ತು. ಒಲೆಯ ಮೇಲಿಟ್ಟ ಚಹಾ ಚೆಲ್ಲಲಿಲ್ಲ.

ಮರುದಿನ ಅದೇ ಪರೀಕ್ಷೆಯನ್ನು ನಮ್ಮ ದೋಣಿಯಲ್ಲೂ ಮಾಡೋಣ ಎಂದೆ. ಹೋಲಿಸಲು ಬೇರೆ ದಾರಿ ಇರಲಿಲ್ಲ. ಅಲ್ಲೂ ಅದೇ ಜಾಗದಲ್ಲಿ ಸೋತೆ. ಇಷ್ಟು ವರ್ಷ ಇವರೇ ಮುಂದೆ ಹೋಗಿ ಹಾಯಿ ಕಿರಿದು ಮಾಡುತ್ತಿದ್ದರು, ನಾನು ಚುಕ್ಕಾಣಿ ಹಿಡಿಯುತ್ತಿದ್ದೆ. ಒಬ್ಬಳಿಗೇ ಆಗುತ್ತದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ಈಗಲೂ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ನೀವು ದೋಣಿ ಬದಲಿಸುವ ಯೋಚನೆಯಲ್ಲಿದ್ದರೆ ಹೊಸದಕ್ಕೆ ಮಾಡುವ ಪರೀಕ್ಷೆಯನ್ನೆಲ್ಲ ಹಳೆಯದಕ್ಕೂ ಮಾಡಿ.

ಆಮೇಲೆ ದಿನದ ಲೆಕ್ಕ. ಮಳೆಗಾಲದ ನಾಲ್ಕು ತಿಂಗಳು ದೋಣಿ ದಡದಲ್ಲಿ. ನವೆಂಬರ್ ಕೊನೆಗೆ ಅರೇಬಿಕಾ ಕುಯ್ಲು, ಅದರ ಹಿಂದೆಯೇ ರೋಬಸ್ಟಾ, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವುದು, ಬಾರದಿದ್ದರೆ ಸ್ಪ್ರಿಂಕ್ಲರ್. ನಮಗೆ ಸಿಗುವುದು ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದಿಂದ ನಮ್ಮ ಸುಗ್ಗಿ ಹಬ್ಬ ಪುತ್ತರಿಯವರೆಗೆ, ಮತ್ತೆ ಹೂ ನಿಂತ ಮೇಲೆ ಮಳೆ ಹಿಡಿಯುವ ತನಕ. ಆ ದಿನಗಳಲ್ಲಿ ನಾವು ಹೆಚ್ಚಾಗಿ ಹೋದದ್ದು ವೆಂಬನಾಡಿನ ಹಿನ್ನೀರಿಗೆ. ನಮ್ಮ ದೋಣಿಗೆ ಒಂದು ಮೀಟರ್ ನೀರಿದ್ದರೆ ಸಾಕು, ಸೇತುವೆ ಬಂದರೆ ಇಬ್ಬರೇ ಕೂವೆಕಂಬ ಮಲಗಿಸುತ್ತೇವೆ. ದೊಡ್ಡದಕ್ಕೆ 1.7 ಮೀಟರ್ ಬೇಕು, ಅದರ ಕಂಬ ಇಳಿಸಲು ಕ್ರೇನ್ ಬರಬೇಕು. ಅದು ಕವರತ್ತಿಯನ್ನು ಕೊಟ್ಟು ವೆಂಬನಾಡನ್ನು ಕಿತ್ತುಕೊಳ್ಳುತ್ತಿತ್ತು.

ಬೇಡವೆಂದೆವು. ಇವರಿಗೆ ಬೇಜಾರಾಯಿತು, ನನಗೂ ಆಯಿತು. ಆ ಬೆನ್ನುನೋವಿಗೆ ನನ್ನ ಲೆಕ್ಕದಲ್ಲಿ ಉತ್ತರವಿಲ್ಲ. ಉಳಿದ ಹಣದಲ್ಲಿ ಸ್ವಲ್ಪ ತೆಗೆದು ರೀಫ್ ಹಗ್ಗಗಳನ್ನು ರಾಟೆಗಳ ಮೂಲಕ ಚುಕ್ಕಾಣಿಯ ಪಕ್ಕಕ್ಕೆ ತಂದೆವು, ಹಿಂಬದಿಗೆ ಗಟ್ಟಿ ಏಣಿ ಹಾಕಿಸಿದೆವು, ಹಾಸಿಗೆಯ ಫೋಮ್ ಬದಲಿಸಿದೆವು. ಕುಯ್ಲು ಜೋರಾಗಿದ್ದಾಗ ಆ 31 ಅಡಿಯದು ಬೇರೆಯವರ ಪಾಲಾಯಿತು.

ಕಳೆದ ತುಲಾ ಸಂಕ್ರಮಣ ಮುಗಿಸಿ ಕೋಝಿಕ್ಕೋಡ್ ಹತ್ತಿರದ ಬೇಪೂರಿಗೆ ಹೊರಟೆವು. ನಡುರಾತ್ರಿ ಗಾಳಿ ಏರಿತು. ಇವರು ಒಳಗೆ ಮಲಗಿದ್ದರು. ಕೂತಲ್ಲಿಂದಲೇ ಹಗ್ಗ ಸಡಿಲಿಸಿ, ಇನ್ನೊಂದನ್ನು ಎಳೆದು, ಹಾಯಿ ಕಿರಿದು ಮಾಡಿ ದಿಕ್ಕು ಸರಿಪಡಿಸಿಕೊಂಡೆ. ಇವರು ಏಳಲಿಲ್ಲ.