ಲಸಿಕೆಯಿಂದ ಹಾನಿಯಾಯಿತೇ? ಪರಿಹಾರ ಕೇಳುವ ಮೊದಲು ಬ್ಯಾಚ್ ನಂಬರ್ ಹಿಡಿಯಿರಿ

ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಜ್ವರ, ಚುಚ್ಚಿದ ಜಾಗದಲ್ಲಿ ಬಾವು ಬರುವುದು ಸಾಮಾನ್ಯ. ಅದಕ್ಕೆ ಪರಿಹಾರದ ಮಾತಿಲ್ಲ. ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಅಂಗ ಊನವಾದರೆ, ಜೀವವೇ ಹೋದರೆ ವಿಷಯ ಬೇರೆ. ಇಂಥ ಪ್ರಕರಣದ ಬಲ ಮೊದಲ ಎರಡು ದಿನ ಕೂಡಿಟ್ಟ ಕಾಗದದಲ್ಲಿದೆ.

ತಾಯಿ ಕಾರ್ಡ್‌ನ ಫೋಟೊ ತೆಗೆದಿಡಿ. ಅದರಲ್ಲಿ ಎಷ್ಟೋ ಸಲ ತಾರೀಖು ಮಾತ್ರ ಇರುತ್ತದೆ. ಆದ್ದರಿಂದ ಲಸಿಕೆ ಹಾಕಿದ ಸಿಸ್ಟರ್ ಹತ್ತಿರ ಬ್ಯಾಚ್ ನಂಬರ್ ಮತ್ತು ಬಾಟಲಿ ತೆರೆದ ಸಮಯ ಬರೆಸಿಕೊಳ್ಳಿ. ಸಮಯ ಯಾಕೆಂದರೆ, ಬಿಸಿಜಿ ಮತ್ತು ದಡಾರ-ರುಬೆಲ್ಲಾ ಲಸಿಕೆಯನ್ನು ಕಲಸಿದ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ತಡವಾದರೆ ಬಾಟಲಿಯೊಳಗೆ ರೋಗಾಣು ಬೆಳೆದು ಮಗುವಿಗೆ ನಂಜೇರಬಹುದು. ಬಳಸಿದ ಬಾಟಲಿಗಳನ್ನು 48 ಗಂಟೆ ಅಥವಾ ಮುಂದಿನ ಲಸಿಕಾ ದಿನದವರೆಗೆ, ಯಾವುದು ಮೊದಲೋ ಅಲ್ಲಿಯ ತನಕ ಮಾತ್ರ ಇಡುತ್ತಾರೆ.

ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಗಂಭೀರ ಪ್ರಕರಣವಾದರೆ ಅವರು 24 ಗಂಟೆಯೊಳಗೆ ಜಿಲ್ಲಾ ಆರ್‌ಸಿಎಚ್ (ತಾಯಿ-ಮಕ್ಕಳ ಆರೋಗ್ಯ) ಅಧಿಕಾರಿಗೆ ವರದಿ ಮಾಡಬೇಕು. ಸಾವಾಗಿದ್ದರೆ ಮರಣೋತ್ತರ ಪರೀಕ್ಷೆ ಬೇಡವೆನ್ನಬೇಡಿ. ಹೆತ್ತವರಿಗೆ ಅದೆಷ್ಟು ಕಷ್ಟವೆಂದು ಗೊತ್ತು, ಆದರೆ ಅದಿಲ್ಲದೆ ಸಾವಿನ ಕಾರಣ ಸಾಬೀತು ಮಾಡುವುದು ತೀರಾ ಕಷ್ಟ.

ಲಸಿಕೆಯ ನಂತರ ಆಯಿತು ಎಂದ ಮಾತ್ರಕ್ಕೆ ಲಸಿಕೆಯಿಂದಲೇ ಆಯಿತು ಎನ್ನಲಾಗದು. ಅದನ್ನು ತಜ್ಞರ ಸಮಿತಿ ತೂಗಿ ನೋಡುತ್ತದೆ. ವರದಿಯಲ್ಲಿ 'ಎ' ಎಂದರೆ ಲಸಿಕೆಗೋ ಅದನ್ನು ಹಾಕಿದ ರೀತಿಗೋ ಸಂಬಂಧವಿದೆ, 'ಬಿ' ಎಂದರೆ ಅನಿಶ್ಚಿತ, 'ಸಿ' ಎಂದರೆ ಕಾಕತಾಳೀಯ. 'ಎ3', ಅಂದರೆ ಹಾಕುವಾಗಿನ ತಪ್ಪು, ಎಂದು ಬಂದಿದ್ದರೆ ನಿರ್ಲಕ್ಷ್ಯದ ವಾದಕ್ಕೆ ದೊಡ್ಡ ಬಲ. ವರದಿಯನ್ನು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ. ಉದ್ದವಾದರೆ ಅಲ್ಲೇ ತಿರಸ್ಕಾರವಾಗಬಹುದು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ವೈದ್ಯರು ಕೊಡಬೇಕು.

ಇನ್ನು ದಾವೆ ಎಲ್ಲಿ ಹೂಡುವುದು? ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನಿಮ್ಮದೇ ಜಿಲ್ಲೆಯಲ್ಲಿ, 2 ವರ್ಷದೊಳಗೆ. ಕೇಳುವ ಪರಿಹಾರ ಎಷ್ಟೇ ಇರಲಿ, ದೂರಿನ ಶುಲ್ಕದ ಲೆಕ್ಕಕ್ಕೆ ಬರುವುದು ನೀವು ಆಸ್ಪತ್ರೆಗೆ ಕೊಟ್ಟ ಹಣ. ಅದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಲಸಿಕೆಯೇ ದೋಷಪೂರಿತವೆಂದಾದರೆ ತಯಾರಕ ಕಂಪನಿಯನ್ನೂ ಪ್ರತಿವಾದಿ ಮಾಡಿ.

ಎಲ್ಲರಿಗೂ ಉಚಿತ ಸೇವೆ ಕೊಡುವ ಸರ್ಕಾರಿ ಕೇಂದ್ರವಾದರೆ ಗ್ರಾಹಕ ಆಯೋಗಕ್ಕೆ ಹೋಗಲು ಬಾರದು (1995ರ ಸುಪ್ರೀಂ ಕೋರ್ಟ್ ತೀರ್ಪು). ಸರ್ಕಾರಕ್ಕೆ 2 ತಿಂಗಳ ನೋಟಿಸ್ ಕೊಟ್ಟು ಸಿವಿಲ್ ದಾವೆ ಹೂಡಬೇಕು. ಈ ನೋಟಿಸ್ ಬಿಟ್ಟು ಹಾಕಿದ ದಾವೆ ಬಾಗಿಲಲ್ಲೇ ನಿಲ್ಲುತ್ತದೆ. ತಪ್ಪು ನಿಚ್ಚಳವಾಗಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು: ರಾಯಚೂರಿನವರು ಕಲಬುರಗಿ ಪೀಠಕ್ಕೆ, ಬಳ್ಳಾರಿ ಮತ್ತು ಕೊಪ್ಪಳದವರು ಧಾರವಾಡ ಪೀಠಕ್ಕೆ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ದೂರವಾಣಿ 15100.